ಮರದ ಪೆಟ್ಟಿಗೆಯಲ್ಲಿ ಮಲಗಿದ ಮುದುಕಿ

ಊರಿನ ಶಾಲೆಗೆ ಕಥೆ ಹೇಳಲು ಬರುವ ಅಜ್ಜಿ ಕಿನುಯೆ ಕಥೆ ನಿಲ್ಲಿಸಿದ್ದು ಸರಿಯಾಗಿ ಅಲ್ಲಿಯೇ. ಗಾಡಿಯವನ ಮೀನನ್ನೂ ಎತ್ತನ್ನೂ ನುಂಗಿದ ಬೆಟ್ಟದ ರಾಕ್ಷಸಿ ಮುದುಕಿ ತನ್ನ ಮನೆಗೆ ಬಂದು, "ಕಲ್ಲಿನ ಪೆಟ್ಟಿಗೇಲಿ ಮಲಗ್ಲೋ, ಮರದ ಪೆಟ್ಟಿಗೇಲಿ ಮಲಗ್ಲೋ?" ಎಂದು ಆಕಳಿಸುತ್ತಾಳೆ. ಅಟ್ಟದಲ್ಲಿ ಅಡಗಿದ ಗಾಡಿಯವನು ಇಲಿಯ ದನಿಯಲ್ಲಿ "ಮರದ್ದು, ಮರದ್ದು" ಅನ್ನುತ್ತಾನೆ.

"ಆಮೇಲೆ?" ಶಾಲೆಯ ಚಾಪೆಯ ಮೇಲೆ ಕೂತಿದ್ದ ಹನ್ನೊಂದು ಮಕ್ಕಳೂ ಒಟ್ಟಿಗೇ ಕೇಳಿದರು.

"ಆಮೇಲಿಂದು ನಂಗೊತ್ತಿಲ್ಲ ಕಣ್ರೋ."

"ಕಥೆ ಹೇಳೋ ಅಜ್ಜಿಗೇ ಕಥೆ ಗೊತ್ತಿಲ್ವಂತೆ! ಸುಳ್ಳು!" ಎಂದಳು ಮುಂದಿನ ಹಲ್ಲು ಬಿದ್ದ ಮಿಯೊ.

ಸುಳ್ಳಲ್ಲ. ಕಿನುಯೆ ಚಿಕ್ಕವಳಿದ್ದಾಗ, ಹಿಮ ಸೂರು ಮುಟ್ಟುತ್ತಿದ್ದ ಚಳಿಗಾಲಗಳಲ್ಲಿ, ಅವಳ ಅಜ್ಜಿ ತೊಮೆ ಒಲೆಯ ಮುಂದೆ ಹುಲ್ಲಿನ ಚಪ್ಪಲಿ ಹೆಣೆಯುತ್ತಾ ಕಥೆ ಹೇಳುತ್ತಿದ್ದಳು. ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಂತೆ. ಬೆಂಕಿಯ ಕಾವಿಗೆ ಪುಟ್ಟ ಕಿನುಯೆಗೆ ಕಥೆ ಪೆಟ್ಟಿಗೆಯವರೆಗೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಬೆಳಿಗ್ಗೆ ಎದ್ದು ಪೀಡಿಸಿದರೆ, "ಹಗಲು ಕಥೆ ಹೇಳಿದ್ರೆ ಇಲಿ ಬಂದು ಮೈಮೇಲೆ ಉಚ್ಚೆ ಹೊಯ್ಯುತ್ತೆ" ಎಂಬ ಗದರಿಕೆ. ಕಿನುಯೆಗೆ ಹತ್ತು ತುಂಬಿದ ವರ್ಷ ಅಜ್ಜಿ ತೀರಿಕೊಂಡಳು. ಆಮೇಲೆ ಪುಸ್ತಕಗಳಲ್ಲಿ ಓದಿದ ಕೊನೆಗಳೆಲ್ಲ ಬೇರೆ ಊರಿನವು. ಅಜ್ಜಿಯದು ಯಾವುದೋ.

ಮುಂದಿನ ವಾರ ಮಿಯೊ ಓಡಿಬಂದಳು. "ನಮ್ಮ ಮುತ್ತಜ್ಜಿಗೆ ಗೊತ್ತಂತೆ! ಆದ್ರೆ ನೀವೇ ಬರ್ಬೇಕಂತೆ. ನಾನು ಹೂಂ ಅನ್ನೋದು ಬಿಟ್ಟು ಬರೀ ಪ್ರಶ್ನೆ ಕೇಳ್ತೀನಂತೆ."

ಮುತ್ತಜ್ಜಿ ಹಾತ್ಸುಗೆ ತೊಂಬತ್ತಾರು. ಮನೆಗೆ ಬಂದ ಕಿನುಯೆಯನ್ನು ದಿಟ್ಟಿಸಿ, "ನಮ್ಮ ಪಕ್ಕದ್ಮನೆ ತೊಮೆಯಕ್ಕನ ಮೊಮ್ಮಗಳಲ್ವೇನೇ? ಅದೇ ಮೊಂಡು ಮೂಗು!" ಎಂದವಳೇ ಕಥೆ ಶುರುಮಾಡಿದಳು. ಅರವತ್ತೆಂಟರ ಕಿನುಯೆ ಮಂಡಿಯೂರಿ ಕೂತು ಹೂಂಗುಟ್ಟಿದಳು.

"ಮುದುಕಿ ಮರದ ಪೆಟ್ಟಿಗೇಲಿ ಮಲಗಿದ್ಲು. ಗಾಡಿಯವ್ನು ಅವಳ ಮೇಲೆ ಸುರಿಯೋಕೆ ಅಂತ ನೀರು ಕುದಿಸ್ದ."

"ಹೂಂ."

"ಅಷ್ಟ್ರಲ್ಲಿ ಅವಳ ಗೊರಕೆ ಕೇಳ್ತು. ಥೇಟ್ ಅವನ ಅಮ್ಮನ ಗೊರಕೆ. ಸುರಿಯೋಕೆ ಕೈ ಬರ್ಲಿಲ್ಲ. ಪೆಟ್ಟಿಗೇನ ಹಾಗೇ ಹೊಳೇಲಿ ತೇಲಿಬಿಟ್ಟ. ಇನ್ನೂ ಎದ್ದಿಲ್ಲ ಅವಳು. ಹಿಮ ಕರಗಿದಾಗ ಹೊಳೆ ಗೊರ್ ಅನ್ನೋದು ಅದಕ್ಕೇ."

ಕಿನುಯೆ ತೋಳಿನಿಂದ ಕಣ್ಣೊರೆಸಿಕೊಂಡಳು. ವಸಂತದಲ್ಲಿ ಸೇತುವೆ ದಾಟುವಾಗಲೆಲ್ಲ ಅಜ್ಜಿ ಅವಳ ಕೈ ಜಗ್ಗಿ, "ಮೆಲ್ಲಗೆ ನಡಿಯೇ, ಎದ್ದುಬಿಟ್ಟಾಳು" ಎಂದು ಪಿಸುಗುಡುತ್ತಿದ್ದಳು. ಯಾರು ಏಳುತ್ತಾರೆಂದು ಕಿನುಯೆ ಎಂದೂ ಕೇಳಿರಲಿಲ್ಲ.

"ಅಳೋದಾದ್ರೆ ಚಹಾ ಕುಡ್ಕೊಂಡು ಅಳು, ಆರಿಹೋಗುತ್ತೆ" ಎಂದಳು ಹಾತ್ಸು.

ಆ ವಾರವೇ ಶಾಲೆಯಲ್ಲಿ ಕಥೆ ಕೊನೆ ಮುಟ್ಟಿತು. ಹೊಳೆ ತೋರಿಸಲೇಬೇಕೆಂದು ಮಕ್ಕಳ ಹಟ. ಮಾರ್ಚ್ ತಿಂಗಳ ನೀರು ಭೋರ್ಗರೆಯುತ್ತಿತ್ತು. ಹನ್ನೊಂದು ಮಕ್ಕಳೂ ಸದ್ದಾಗದಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ತುದಿಗಾಲಲ್ಲಿ ಸೇತುವೆ ದಾಟಿದರು.