ಹಳದಿ ಎಂದಿದ್ದಳು

"ಹಸಿರು," ಅಂದ ಮೀನಿನಂಗಡಿಯವನು. ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದ. "ಅನುಮಾನವೇ ಬೇಡ ಯಜಮಾನ್ರೇ, ಎಳೇ ಹುಲ್ಲಿನ ಹಾಗೆ ಹಸಿರು. ಈ ನೀರಲ್ಲಿ ಮೀನು ಬಿಟ್ರೆ ಸಾಯದೆ ಇನ್ನೇನು ಮಾಡುತ್ತೆ?"

ಕೌಂಟರಿನ ಈಚೆ ದರ್ಜಿ ನಿಂತಿದ್ದ. ಅವಸರದಲ್ಲಿ ಹೊರಟಿದ್ದರಿಂದ ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಮನೆಯ ತೊಟ್ಟಿಯಿಂದ ಬಾಟಲಿಯಲ್ಲಿ ತಂದ ನೀರು ಕೌಂಟರಿನ ಮೇಲಿತ್ತು. ಅದರ ಪಕ್ಕದಲ್ಲಿ ಒದ್ದೆ ಕಾಗದದಲ್ಲಿ ಸುತ್ತಿದ ಎರಡು ನೀಲಿ ಮೀನು, ಒಂದೊಂದೂ ಹೆಬ್ಬೆರಳಿನಷ್ಟುದ್ದ. ಐದು ದಿನದ ಹಿಂದೆ ಇದೇ ಅಂಗಡಿಯಿಂದ ಮೂರು ಒಯ್ದಿದ್ದ. ಒಂದು ಮೊನ್ನೆ ಸತ್ತಿತು. ಉಳಿದೆರಡು ಈ ಬೆಳಿಗ್ಗೆ ಮರಳಿನ ಮೇಲೆ ಮಲಗಿದ್ದವು.

"ನಿಮ್ಮ ಪರೀಕ್ಷೆಯ ಔಷಧಿ ಹಳೇದಾಗಿರಬಹುದು," ಅಂದ ದರ್ಜಿ. ಹಾಗಾಗಿರಲಿ ಎಂದು ಅವನ ಮನಸ್ಸು ಕೈಮುಗಿದು ಬೇಡುತ್ತಿತ್ತು.

ಅಂಗಡಿಯವನು ಹೊಸ ಸೀಸೆ ತೆರೆದ. ಕೊಳವೆಗೆ ಗೆರೆಯವರೆಗೆ ನೀರು, ಅದಕ್ಕೆ ಎಂಟು ಹನಿ, ಮುಚ್ಚಳ ಹಾಕಿ ಕುಲುಕಿ ಐದು ನಿಮಿಷ. ಆ ಐದು ನಿಮಿಷದಲ್ಲಿ ದರ್ಜಿ ಗೋಡೆಯ ಮೇಲಿದ್ದ ಮೀನುಬಲೆಗಳನ್ನೆಲ್ಲ ಎಣಿಸಿಬಿಟ್ಟ. ಎರಡನೆಯ ಕೊಳವೆಯೂ ಹಸಿರೇ ಅಂದ ಅಂಗಡಿಯವನು.

"ದಿನಾ ನೋಡ್ತಿದ್ರಿ ತಾನೆ?"

"ದಿನಾ."

"ಇವತ್ತು ಬೆಳಿಗ್ಗೆ ಏನು ಬಂತು?"

"ಹಳದಿ."

"ಇದೇ ನೀರಿಗೆ?"

"ಇದೇ ನೀರಿಗೆ. ಒಂದೇ ಲೋಟದಲ್ಲಿ ತೆಗೆದದ್ದು."

ಅಂಗಡಿಯವನು ದರ್ಜಿಯ ಮುಖ ನೋಡಿ ಮೆಲ್ಲಗೆ ನಕ್ಕ. "ಕನ್ನಡಕ ಬದಲಾಯಿಸಿ ಯಜಮಾನ್ರೇ. ಮೊದಲೇ ಹೇಳಿದ್ನಲ್ಲ, ಇದು ತಾಳಿದವನು ಬಾಳಿಯಾನು ಅನ್ನೋ ಕೆಲಸ. ಇನ್ನೊಂದು ಹದಿನೈದು ದಿನ ತಡೀಬೇಕಿತ್ತು."

"ಹೂಂ, ಬದಲಾಯಿಸಬೇಕು," ಅಂದ ದರ್ಜಿ. ಬೇರೇನು ಹೇಳಿದರೂ ಎರಡರಲ್ಲೊಂದು ಗುಟ್ಟು ಬಾಯಿಂದ ಬೀಳುತ್ತಿತ್ತು. ಒಂದು, ತನಗೆ ಬಣ್ಣ ಗೊತ್ತಾಗುವುದಿಲ್ಲ ಎನ್ನುವುದು. ಇನ್ನೊಂದು, ದಿನವೂ ಬಣ್ಣ ನೋಡಿ ಹೇಳಿದವಳು ತನ್ನ ಹೆಂಡತಿ ಎನ್ನುವುದು.

ಹುಟ್ಟಿನಿಂದಲೇ ಅವನಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ ಮಣ್ಣು. ಹಳದಿ ಮತ್ತು ಎಳೆ ಹಸಿರು ಅವಳಿಜವಳಿ. ಅಪ್ಪನ ಹೊಲಿಗೆಯಂತ್ರ ಕೈಗೆ ಬಂದಾಗ ಈ ಕೊರತೆಯನ್ನು ಯಾರಿಗೂ ಹೇಳದೆ ಕೆಲಸಕ್ಕೆ ಕೂತುಬಿಟ್ಟಿದ್ದ. ಮದುವೆಯಾದ ತಿಂಗಳಲ್ಲೇ ಹೆಂಡತಿಗೆ ಗೊತ್ತಾಯಿತು. ಹಸಿರು ಕೋಟಿಗೆ ಕಂದು ದಾರದಲ್ಲಿ ತೋಳು ಕೂಡಿಸಿ, ಮೀಸೆ ತಿರುವಿಕೊಂಡು ಗಿರಾಕಿಗಾಗಿ ಕಾಯುತ್ತಿದ್ದ. ಅವಳು ಒಂದು ಮಾತೂ ಆಡದೆ ಆ ಹೊಲಿಗೆಯನ್ನೆಲ್ಲ ಬಿಚ್ಚಿ, ಸರಿಯಾದ ರೀಲು ತಂದು ಯಂತ್ರದ ಪಕ್ಕದಲ್ಲಿಟ್ಟಳು. ಅಂದಿನಿಂದ ಮೂವತ್ತೆಂಟು ವರ್ಷ, ಗಿರಾಕಿ ತಂದ ಬಟ್ಟೆಯ ಗಂಟು ಬಿಚ್ಚುವುದರೊಳಗೆ ರೀಲು ತಾನಾಗಿ ಬಂದು ಕೂರುತ್ತಿತ್ತು. ಕಪ್ಪಿನಲ್ಲಿ ಹತ್ತು ಬಗೆ ಕಂಡುಹಿಡಿಯುವ ಕಣ್ಣು ಅವಳದು. "ಕತ್ತರಿ ಗಂಡನದು, ದಾರ ಹೆಂಡತಿಯದು" ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅದೆಷ್ಟು ನಿಜ ಎಂದು ಅವರಿಗೆ ಗೊತ್ತಿರಲಿಲ್ಲ.

ಇನ್ನು ತೊಟ್ಟಿಯ ವಿಚಾರ. ಹೋದ ವರ್ಷ ದವಡೆಹಲ್ಲು ಕೀಳಿಸಲು ಹೋದಾಗ ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಒಂದು ಕಡಲನೀರಿನ ತೊಟ್ಟಿ ಇತ್ತು. ನೀಲಿ ದೀಪದ ಕೆಳಗೆ ಬಂಡೆ, ಹವಳ, ನೀಲಿ ಮೀನು. ದರ್ಜಿಯ ಕಣ್ಣಿಗೆ ನಂಬಿಕಸ್ಥ ಬಣ್ಣ ಅಂದರೆ ನೀಲಿಯೊಂದೇ. ಲೋಕದಲ್ಲಿ ಅದು ಚೂರುಪಾರು ಸಿಗುತ್ತಿತ್ತು, ಇಲ್ಲಿ ತೊಟ್ಟಿ ತುಂಬ ಇತ್ತು. ಯಾರನ್ನೂ ಕೇಳದೆ, ಯಾರೂ ಹೇಳದೆ, ಅಷ್ಟೊಂದು ಬಣ್ಣವನ್ನು ಅವನು ನೋಡಿದ್ದು ಅದೇ ಮೊದಲು. ಕಾಂಪೌಂಡರ್ ಮೂರು ಸಲ ಹೆಸರು ಕೂಗಿದರೂ ಏಳಲಿಲ್ಲ. ಹಲ್ಲುನೋವು ಎಲ್ಲಿ ಹೋಯಿತೋ.

ಬಾಗಿಲು ಮುಚ್ಚಿದ ಹೋಟೆಲೊಂದರ ಮ್ಯಾನೇಜರು ಕೋಟು ಹೊಲಿಸಲು ಬಂದವನು, ತನ್ನಲ್ಲಿ ಬಿದ್ದಿದ್ದ ಗಾಜಿನ ತೊಟ್ಟಿ, ಪಂಪು, ದೀಪ ಎಲ್ಲ ಒಯ್ದುಕೊಳ್ಳಿ ಅಂದ. ಹೊಲಿಗೆ ಅಂಗಡಿಯೂ ಆಗಿದ್ದ ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಹೆಂಡತಿ ಕಾಜಾ ಗುಂಡಿ ಹಾಕುವ ಮೇಜಿತ್ತು. ಅದನ್ನು ಅಡುಗೆಮನೆಗೆ ಹೋಗುವ ಕತ್ತಲ ಓಣಿಗೆ ಸರಿಸಿ ತೊಟ್ಟಿ ಇಟ್ಟರು. ಬಕೆಟ್ಟಿನಲ್ಲಿ ಉಪ್ಪು ಕರಗಿಸಿ, ಉಪ್ಪಿನ ಮಾಪಕದ ಮುಳ್ಳು ಸರಿಯಾದ ಗುರುತಿಗೆ ಬರುವವರೆಗೆ ಅಳೆದು ತುಂಬಿಸಿದ್ದಾಯಿತು. ಮೀನಿನಂಗಡಿಯವನಿಂದ ಕಡಲಬಂಡೆಯ ತುಂಡುಗಳು ಬಂದವು. ನೀರಿನ ಮಟ್ಟಕ್ಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಗಾಜಿನ ಮೇಲೆ ಗೆರೆ ಎಳೆದ. ನೀರು ಆವಿಯಾಗಿ ಗೆರೆಗಿಂತ ಕೆಳಗಿಳಿದರೆ ಸಿಹಿನೀರನ್ನೇ ಹಾಕಬೇಕು, ಉಪ್ಪು ಎಲ್ಲಿಗೂ ಹೋಗುವುದಿಲ್ಲ ಎಂದು ಅಂಗಡಿಯವನು ಕಲಿಸಿದ್ದ. ದರ್ಜಿ ಅದನ್ನು ವೇದವಾಕ್ಯದಂತೆ ಪಾಲಿಸಿದ.

ಹೊಸ ತೊಟ್ಟಿಯ ನೀರು ಮೊದಲು ವಿಷ. ಬಂಡೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಆ ವಿಷವನ್ನು ತಿಂದು ತೀರಿಸಬೇಕು, ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ. ಪರೀಕ್ಷೆಯ ನೀರು ಹಸಿರಾದರೆ ಕಾಯಬೇಕು, ಹಳದಿಯಾದರೆ ಮೀನು. ಇಡೀ ತೊಟ್ಟಿಯಲ್ಲಿ ಅವನ ಕಣ್ಣಿಗೆ ಎಟುಕದ್ದು ಇದೊಂದೇ. ದಿನಾ ಬೆಳಿಗ್ಗೆ ಕೊಳವೆ ಹಿಡಿದು ಓಣಿಯಲ್ಲಿ ನಿಲ್ಲುತ್ತಿದ್ದ. "ಏನೇ, ಯಾವ ಬಣ್ಣ?"

ನಾಲ್ಕು ವಾರ ಹಸಿರು ಅಂದಳು. ಒಂದು ಬೆಳಿಗ್ಗೆ ಗುಂಡಿ ಹೊಲಿಯುತ್ತಿದ್ದವಳು ತಲೆ ಎತ್ತಿ ಹಳದಿ ಅಂದಳು. ಅರವತ್ತರ ಹತ್ತಿರದ ಮನುಷ್ಯ ಓಣಿಯಲ್ಲಿ ಕುಣಿದುಬಿಟ್ಟ. ಆದರೂ ಅವಸರ ಬೇಡವೆಂದು ಮತ್ತೂ ಹತ್ತು ದಿನ ಕಾದ. ಅಳತೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದರ ಕೆಳಗೊಂದು ಹತ್ತು ಸಲ ಹಳದಿ ಎಂದು ಬರೆದ. ಆಮೇಲೆಯೇ ಮೀನು ತಂದದ್ದು.

ಅಂಗಡಿಯಿಂದ ಮನೆಗೆ ಇಪ್ಪತ್ತು ನಿಮಿಷದ ದಾರಿ. ಅಷ್ಟು ದೂರವೂ ಅವನು ಅವಳ ಪರವಾಗಿ ವಾದ ಮಾಡಿಕೊಂಡೇ ಬಂದ. ಓಣಿಯಲ್ಲಿ ಬೆಳಕು ಸಾಲದು. ವಯಸ್ಸಾಯಿತು, ಅವಳ ಕಣ್ಣಿಗೂ ಪೊರೆ ಬಂದಿರಬಹುದು. ಆದರೆ ನಿನ್ನೆ ತಾನೆ ಅವಳು ಒಂದು ಪ್ಯಾಂಟನ್ನು ದೂರದಿಂದ ನೋಡಿ, "ಇದು ಕಪ್ಪಲ್ಲ, ಕಡುನೀಲಿ ದಾರ ಬೇಕು" ಅಂದಿದ್ದಳು. ಅಂಥ ಕಣ್ಣಿಗೆ ಹುಲ್ಲಿನ ಹಸಿರು ಕಾಣಲಿಲ್ಲವೇ? ತಿರುವಿನಲ್ಲಿ ಒಂದು ಸೈಕಲ್ ಅವನಿಗೆ ತಾಗಿಯೇ ಹೋಯಿತು. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುವ ಮಾತನ್ನು ಅವನು ನೂರು ಸಲ ಆಡಿದ್ದ, ಬೇರೆಯವರ ವಿಚಾರದಲ್ಲಿ.

ಮನೆಯಲ್ಲಿ ಹೆಂಡತಿ ತನ್ನ ಮೇಜಿನ ಮುಂದೆ ಇದ್ದಳು. ಅಂಗಡಿಯವನು ಪರೀಕ್ಷಿಸಿದ ಕೊಳವೆಯನ್ನೇ ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ.

"ಇದು ಯಾವ ಬಣ್ಣ?"

"ಬೆಳಿಗ್ಗೆ ಹೇಳಿದ್ನಲ್ಲ. ಹಳದಿ." ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ನೋಡಿ ಹೇಳು."

ಅವಳು ನೋಡಿದಳು. ಕೊಳವೆಯನ್ನಲ್ಲ, ಅವನ ಬೂಟನ್ನು, ಬೂಟಿಗೆ ಮೆತ್ತಿದ್ದ ಬೀದಿಯ ಧೂಳನ್ನು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಅಂಗಡಿಗೆ ಹೋಗಿದ್ರಾ?"

"ಹೋಗಿದ್ದೆ."

"ಮತ್ತೆ ಗೊತ್ತಿದ್ದೂ ಯಾಕೆ ಕೇಳ್ತೀರಿ? ಹಸಿರು."

"ಇವತ್ತು ಮಾತ್ರವೋ?"

"ಯಾವತ್ತೂ ಹಳದಿ ಆಗಿರಲಿಲ್ಲ."

"ನಾನು ಕುಣಿದ ದಿನ?"

"ಆವತ್ತೂ ಹಸಿರೇ."

ಅವನಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ತಾನು ಕುಣಿಯುವುದನ್ನು ಅವಳು ನೋಡುತ್ತ ಕೂತಿದ್ದಳು. ನಕ್ಕಿದ್ದಳು ಕೂಡ, ಆ ನಗುವನ್ನು ಅವನು ತನ್ನ ಸಂತೋಷದಲ್ಲಿ ಪಾಲು ಎಂದುಕೊಂಡಿದ್ದ.

"ಯಾಕೆ?" ಅಂದ.

"ಮೀನು ಸತ್ರೆ ನಿಮ್ಮ ಹುಚ್ಚು ಬಿಡುತ್ತೆ ಅಂದ್ಕೊಂಡೆ." ಅವಳ ದನಿ ಏರಲಿಲ್ಲ. "ನನ್ನ ಮೇಜು ತೆಗೆದು ಇಲ್ಲಿ ಹಾಕಿದ್ರಿ. ಇಲ್ಲಿ ಸೂಜಿಗೆ ದಾರ ಪೋಣಿಸೋಕೂ ದೀಪ ಬೇಕು. ಒಂದು ಮಾತು ಕೇಳಿದ್ರಾ? ಸಂಜೆ ಆದ್ರೆ ಕುರ್ಚಿ ಎಳ್ಕೊಂಡು ಅದರ ಮುಂದೆ ಕೂರ್ತೀರಿ. ಬಂದವರಿಗೆಲ್ಲ ಇದು ಆ ಬಣ್ಣ, ಅದು ಈ ಬಣ್ಣ ಅಂತ ನೀವೇ ಹೇಳ್ತೀರಿ. ಮೂವತ್ತೆಂಟು ವರ್ಷ ನನ್ನ ಕಣ್ಣಲ್ಲಿ ಬದುಕಿ, ಈಗ ಆ ತೊಟ್ಟಿಯ ಹತ್ರ ನಾನು ಬೇಕಾಗಿದ್ದು ದಿನಕ್ಕೆ ಐದು ನಿಮಿಷ, ಆ ಕೊಳವೆಗೆ."

"ಅದನ್ನ ಬಾಯಿಬಿಟ್ಟು ಹೇಳಬಹುದಿತ್ತಲ್ಲೇ."

"ನಿಮಗೆ ಕೇಳಿಸ್ತಿತ್ತಾ?"

"ಕಣ್ಣಿಗೆ ಮಣ್ಣೆರಚಿದೆಯಲ್ಲೇ," ಅಂದ ದರ್ಜಿ. "ಕಣ್ಣೇ ಇಲ್ಲದವನ ಕಣ್ಣಿಗೆ!"

ಅವಳು ಎದ್ದಳು. ಕ್ಷಮೆ ಕೇಳಬಹುದು ಎಂದು ಅವನು ಕಾದ. ಆದರೆ ಅವಳು ಮುಂದಿನ ಕೋಣೆಗೆ ಹೋಗಿ, ತೊಟ್ಟಿಯ ಮುಂದೆ ನಿಂತು, ಬಂಡೆಗಳ ಮೇಲೆ ಹಬ್ಬಿದ್ದ ಪಾಚಿಯ ಪೊರೆಯ ಕಡೆಗೆ ಕೈ ತೋರಿಸಿದಳು.

"ನೀಲಿ ನೀಲಿ ಅಂತ ಎಲ್ಲರಿಗೂ ತೋರಿಸ್ತೀರಲ್ಲ. ಅದು ನೀಲಿ ಅಲ್ಲ, ನೇರಳೆ. ಬಂದವರು ನಿಮ್ಮ ಮುಖ ನೋಡಿ ಸುಮ್ನಿರ್ತಾರೆ ಅಷ್ಟೆ. ಇಲ್ಲಿ ನೀವು ನೀಲಿ ಅನ್ನೋದ್ರಲ್ಲಿ ಅರ್ಧ ನೀಲಿಯೇ ಅಲ್ಲ."

ಹಾಗೆಂದು ಒಳಗೆ ಹೋದಳು. ದರ್ಜಿ ತೊಟ್ಟಿಯ ಮುಂದೆ ಬಗ್ಗಿ ನೋಡಿದ. ಬಂಡೆ ನೀಲಿಯಾಗಿಯೇ ಇತ್ತು, ನಿನ್ನೆ ಇದ್ದಂತೆ. ಕನ್ನಡಕ ಒರೆಸಿಕೊಂಡು ನೋಡಿದ, ಆಗಲೂ ನೀಲಿ. ಅವಳು ಹೇಳಿದ್ದು ನಿಜವಿರಬಹುದು, ನೋಯಿಸಲೆಂದೇ ಹೇಳಿದ ಇನ್ನೊಂದು ಸುಳ್ಳೂ ಇರಬಹುದು. ತಿಳಿಯಬೇಕಾದರೆ ಯಾರನ್ನಾದರೂ ಕೇಳಬೇಕು, ಮತ್ತು ಇಂಥದ್ದನ್ನು ಅವನು ಕೇಳುತ್ತಿದ್ದದ್ದು ಅವಳೊಬ್ಬಳನ್ನೇ. ಗೋಡೆಯಲ್ಲಿ ನೇತುಹಾಕಿದ್ದ ಕೋಟುಗಳನ್ನು ನೋಡಿದ. ಅವುಗಳ ಹೊಲಿಗೆ, ಗುಂಡಿ, ಒಳಬಟ್ಟೆ, ಎಲ್ಲ ಅವಳು ಹೇಳಿದ ಬಣ್ಣ. ಮೂವತ್ತೆಂಟು ವರ್ಷ ಹೊಲಿದು ಕೊಟ್ಟಿದ್ದೆಲ್ಲ ಮನೆಮನೆಗಳ ಕಪಾಟಿನಲ್ಲಿ ಈಗಲೂ ಇದ್ದೀತು. ಹಿಂದೆ ಕೈಯಾಡಿಸಿ ಕುರ್ಚಿ ಹುಡುಕಿ ಕೂತ.

ಆ ದಿನ ಅವರು ಬೇರೆ ಬೇರೆ ಹೊತ್ತಿಗೆ ಊಟ ಮಾಡಿದರು.

ಮರುದಿನ ಬೆಳಿಗ್ಗೆ ದರ್ಜಿ ತನ್ನ ಅಂಗಡಿ ತೆರೆಯುತ್ತಲೇ ಅಂಚೆಯವನು ಬಂದ. ಸುದ್ದಿ ಹಂಚುವುದರಲ್ಲಿ ಕಾಗದ ಹಂಚುವುದಕ್ಕಿಂತ ಚುರುಕು ಅವನು. ಅವನಿಗೆ ಹೇಳಿದರೆ ಡಂಗುರ ಹೊಡೆಸುವ ಕೆಲಸ ಉಳಿಯಿತು ಎಂದು ಬೀದಿಯವರೆಲ್ಲ ನಗುತ್ತಿದ್ದರು. ಅವನ ಜಾಕೀಟಿನ ಮೊಣಕೈ ಹರಿದಿತ್ತು.

"ಬೇಗ ಒಂದು ಹೊಲಿಗೆ ಹಾಕಿ ಯಜಮಾನ್ರೇ, ಚೀಲ ತುಂಬ ಕಾಗದ ಇದೆ."

ದರ್ಜಿ ಜಾಕೀಟು ಬಿಡಿಸುವುದರೊಳಗೆ ಒಳಬಾಗಿಲಿಂದ ಹೆಂಡತಿಯ ಕೈ ಬಂತು. ಒಂದು ರೀಲನ್ನು ಯಂತ್ರದ ಪಕ್ಕ ಇಟ್ಟು ಹಿಂದೆ ಸರಿಯಿತು. ಎಂದಿನಂತೆ ಸದ್ದಿಲ್ಲದೆ, ಎಂದಿನ ಜಾಗದಲ್ಲಿ.

ದರ್ಜಿ ಅದನ್ನು ನೋಡುತ್ತ ಕೂತ. ಆಮೇಲೆ ಡಬ್ಬಿಗೆ ಕೈಹಾಕಿ, ಅವನ ಕಣ್ಣಿಗೆ ಅದರಂತೆಯೇ ಕಾಣುವ ಇನ್ನೂ ಎರಡು ರೀಲು ತೆಗೆದ. ಮೂರನ್ನೂ ಅಂಗೈಯಲ್ಲಿಟ್ಟು ಅಂಚೆಯವನ ಮುಂದೆ ಚಾಚಿದ.

"ಇದರಲ್ಲಿ ಹೊಂದೋದು ಯಾವುದು ಹೇಳಿ. ನನಗೆ ಬಣ್ಣ ಗೊತ್ತಾಗಲ್ಲ."

ಅಂಚೆಯವನು ಗಹಗಹಿಸಿ ನಕ್ಕ. "ಬೆಳಬೆಳಿಗ್ಗೆ ಒಳ್ಳೇ ತಮಾಷೆ! ಬಣ್ಣ ಗೊತ್ತಾಗದ ದರ್ಜಿ!"

"ತಮಾಷೆ ಅಲ್ಲ. ಹುಟ್ಟಿದಾಗಿಂದ ಗೊತ್ತಾಗಲ್ಲ."

ಅಂಚೆಯವನ ನಗು ನಿಂತಿತು. ದರ್ಜಿಯ ಮುಖ ನೋಡಿದ, ಬಾಗಿಲಲ್ಲಿ ನಿಂತ ಹೆಂಗಸಿನ ಮುಖ ನೋಡಿದ. ಬೆರಳು ಚಾಚಿ ಒಂದು ರೀಲನ್ನು ಮುಟ್ಟಿದ. ಅವಳು ಇಟ್ಟಿದ್ದೇ ಅದು.

"ಇದೇ ಸರಿ. ಅಮ್ಮಾವ್ರು ಸರಿಯಾದ್ದನ್ನೇ ಇಟ್ಟಿದ್ರಲ್ಲ."

"ಹೌದಾ," ಅಂದ ದರ್ಜಿ.

ಬೇಡವಾದ ಎರಡು ರೀಲುಗಳನ್ನು ಮೇಜಿನ ಅಂಚಿಗೆ ಸರಿಸಿ, ದಾರದ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ಸೂಜಿಗೆ ಪೋಣಿಸಿದ. ಯಂತ್ರ ಓಡತೊಡಗಿತು. ಹೆಂಡತಿ ಮುಂದೆ ಬಂದು ಆ ಎರಡು ರೀಲುಗಳನ್ನು ಎತ್ತಿಕೊಂಡಳು. ಒಂದರ ಎಳೆ ಸಡಿಲವಾಗಿತ್ತು. ಬಾಗಿಲಿಗೆ ಒರಗಿ ನಿಂತು ಅದನ್ನು ಸುತ್ತತೊಡಗಿದಳು. ಎಳೆಯೆಲ್ಲ ರೀಲಿನ ಮೇಲೆ ಕೂತಾದ ಮೇಲೂ ಅವಳ ಬೆರಳುಗಳು ಸುತ್ತುತ್ತಲೇ ಇದ್ದವು.