ನಲವತ್ತೇಳರ ಮುದುಕ

ಸ್ಮಶಾನದ ಗುಮಾಸ್ತನ ಕೈಯಿಂದ ಅಕ್ಕ ಪೆನ್ನು ಕಿತ್ತುಕೊಂಡಳು. ವಯಸ್ಸೆಂದು ಅವನು ಬರೆದಿದ್ದ ಎಪ್ಪತ್ನಾಲ್ಕನ್ನು ಹೊಡೆದುಹಾಕಿ, ಕಾಗದ ಹರಿಯುವಷ್ಟು ಒತ್ತಿ ನಲವತ್ತೇಳು ಎಂದು ಬರೆದಳು.

"ನಿಮ್ಮ ತಂದೆಯವರಲ್ವೇನಮ್ಮ?"

"ನನ್ನ ತಮ್ಮ. ನನಗಿಂತ ಆರು ವರ್ಷ ಚಿಕ್ಕವನು. ಕೇಳಿ ಬರೀಬೇಕಿತ್ತು, ಮುಖ ನೋಡಿ ಅಲ್ಲ."

ಗುಮಾಸ್ತ ತೆರೆದಿದ್ದ ಶವಪೆಟ್ಟಿಗೆಯತ್ತ ತಿರುಗಿದ. ಬೋಳು ತಲೆ, ಒಳಸೇರಿದ ಬಾಯಿ, ಮೂಳೆಗೆ ಅಂಟಿದ ಚರ್ಮ.

*

ತಮ್ಮ ಲಿಫ್ಟ್ ಮೆಕ್ಯಾನಿಕ್. ಮೂವತ್ತಮೂರನೇ ವಯಸ್ಸಿಗೆ ರಕ್ತದ ಕ್ಯಾನ್ಸರ್ ಬಂತು. ಅಕ್ಕನ ಆಕರಕೋಶಗಳು, ಅಂದರೆ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳು, ಅವನಿಗೆ ಹೊಂದಿಕೆಯಾದವು. ಮೊದಲು ಕಠಿಣ ಔಷಧಿ ಕೊಟ್ಟು ಅವನ ಮೂಳೆಮಜ್ಜೆಯನ್ನೆಲ್ಲ ಸುಟ್ಟರು. ಆಮೇಲೆ ಅವಳ ರಕ್ತದಿಂದ ತೆಗೆದ ಕೋಶಗಳನ್ನು ಅವನಿಗೆ ಏರಿಸಿದರು. ಕ್ಯಾನ್ಸರ್ ಹೋಯಿತು.

"ಇನ್ಮೇಲೆ ನಿನ್ನ ಮೈಯಲ್ಲಿ ಓಡೋದು ನನ್ನ ರಕ್ತ ಕಣೋ."

"ಹಾಗಾದ್ರೆ ನಿನ್ನ ಕೋಪಾನೂ ಬಂತು ಅನ್ನು," ಎಂದು ಅವನು ನಕ್ಕಿದ್ದ.

ನಲವತ್ತಕ್ಕೆ ಕಣ್ಣಿಗೆ ಪೊರೆ ಬಂತು. ಮರುವರ್ಷ ಸೊಂಟದ ಮೂಳೆ ಸವೆಯಿತು. ಹಲ್ಲು ಒಂದೊಂದಾಗಿ ಉದುರಿದವು. ಬಸ್ಸಿನಲ್ಲಿ ಐವತ್ತರ ಗಂಡಸೊಬ್ಬ "ಕೂತ್ಕೊಳ್ಳಿ ತಾತ" ಎಂದು ಎದ್ದಾಗ, ಅವನು ಮುಂದಿನ ನಿಲ್ದಾಣದಲ್ಲೇ ಇಳಿದು ಮನೆವರೆಗೂ ಕುಂಟುತ್ತ ಬಂದ.

"ಆ ಔಷಧಿಗಳು ಕೆಲವರನ್ನ ಬೇಗ ಮುದುಕರನ್ನಾಗಿ ಮಾಡಿಬಿಡ್ತವೆ," ಎಂದರು ಡಾಕ್ಟರು. "ಉಳಿದಿರೋದೇ ದೊಡ್ಡದು ಅಂದ್ಕೊಳ್ಳಿ."

ಆ ಮಾತು ಎಲ್ಲರ ಬಾಯಿಗೂ ಹತ್ತಿತು. ಸುಸ್ತು ಎಂದರೂ ಅದೇ, ನೋವು ಎಂದರೂ ಅದೇ.

ಹಗುರ ಕೆಲಸ ಕೇಳಲು ಅವನು ಸೂಪರ್‌ವೈಸರ್ ಬಳಿ ಹೋದಾಗ ಅಕ್ಕನೂ ಜೊತೆಗಿದ್ದಳು.

"ಅದು ಐವತ್ತೈದು ದಾಟಿದವರಿಗೆ ಕಣಯ್ಯ. ನಿನಗಿನ್ನೂ ನಲವತ್ತಾರು. ಕಾಯಿಲೆ ವಾಸಿಯಾಗಿದೆ ಅಂತ ನೀನೇ ಸರ್ಟಿಫಿಕೇಟ್ ಕೊಟ್ಟಿದ್ದೀಯ."

ಹೊರಗೆ ಬಂದು ತಮ್ಮ ಗೋಡೆಗೆ ಒರಗಿದ. "ದೇವರು ಕೊಟ್ರೂ ಪೂಜಾರಿ ಬಿಡಲ್ಲ ಅನ್ನೋದು ಇದಕ್ಕೇ ಕಣಕ್ಕ."

ಮರುದಿನವೂ ಸಲಕರಣೆ ಚೀಲ ಹೊತ್ತು ಮೆಟ್ಟಿಲು ಹತ್ತಿದ. ಲಿಫ್ಟ್ ಕೆಟ್ಟ ಕಡೆಗೇ ತಾನೇ ಅವನನ್ನು ಕರೆಯುವುದು. ಹನ್ನೊಂದು ತಿಂಗಳ ನಂತರ, ಏಳನೇ ಮಹಡಿಗೆ ನಾಲ್ಕೇ ಮೆಟ್ಟಿಲು ಬಾಕಿಯಿರುವಾಗ, ಎದೆ ಹಿಡಿದುಕೊಂಡು ಕುಸಿದ.

*

ಸೂಪರ್‌ವೈಸರ್ ಹಾರ ತಂದಿದ್ದ. "ಹದಿನಾಲ್ಕು ವರ್ಷ ಹೆಚ್ಚಿಗೆ ಸಿಕ್ಕಿತಲ್ಲಮ್ಮ. ಪುಣ್ಯವಂತ."

"ಸಿಕ್ಕಿದ್ದಲ್ಲ, ನಾನು ಕೊಟ್ಟಿದ್ದು," ಎಂದಳು ಅಕ್ಕ. "ಅವನು ಕುಂಟೋದು ನೋಡಿದ್ರಿ, ಏದುಸಿರು ಬಿಡೋದು ನೋಡಿದ್ರಿ. ಕೊನೆಗೆ ನಂಬಿದ್ದು ಮಾತ್ರ ಕಾಗದಾನ."

"ನಿಯಮ ನಾನು ಮಾಡಿದ್ದಲ್ಲಮ್ಮ."

"ಮೆಟ್ಟಿಲು ಹತ್ತಿಸಿದ್ದು ನೀವೇ. ಹಾರ ವಾಪಸ್ ತಗೊಂಡು ಹೋಗಿ."

ಅಮ್ಮ ಅವಳ ತೋಳು ಹಿಡಿದಳು. "ಸಾಕು ಬಿಡೇ. ಹೋದವನ ಮುಂದೆ ಜಗಳ ಬೇಡ."

"ಇದ್ದಾಗ ಆಡಬೇಕಿತ್ತಮ್ಮ. ಅವತ್ತು ಗೋಡೆಗೆ ಒರಗಿ ನಿಂತಿದ್ದವನಿಗೆ ನಾನೂ ಅದನ್ನೇ ಅಂದೆ, ಉಳಿದಿರೋದೇ ದೊಡ್ಡದು ಅಂತ."

ಅಮ್ಮ ತೋಳು ಬಿಟ್ಟಳು. ಸೂಪರ್‌ವೈಸರ್ ಹಾರ ಹಿಡಿದುಕೊಂಡೇ ಹಿಂದೆ ಸರಿದ.

ಮುಚ್ಚಳ ಹಾಕಿಯಾಯಿತು. ಅವನ ಜೊತೆ ಶಾಲೆಯಲ್ಲಿ ಓದಿದ ನಾಲ್ವರು ಮುಂದೆ ಬಂದರು. ಕಪ್ಪು ಕೂದಲು, ಗಟ್ಟಿ ರಟ್ಟೆ. ಒಬ್ಬನ ಮಗಳಿನ್ನೂ ಮೂರನೇ ತರಗತಿ. ತೋಳು ಮಡಿಸಿ, ಉಸಿರು ಬಿಗಿಹಿಡಿದು, ಒಟ್ಟಿಗೇ ಎತ್ತಿದರು. ಭಾರವಿರುತ್ತದೆಂದು ಹಾಕಿದ್ದ ಬಲಕ್ಕೆ ಪೆಟ್ಟಿಗೆ ಹೆಗಲು ದಾಟಿ ತಲೆಯೆತ್ತರಕ್ಕೆ ಹೋಯಿತು. ನಾಲ್ವರೂ ಹಾಗೆಯೇ, ಎತ್ತಿದ ಕೈ ಇಳಿಸದೆ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಬಿಟ್ಟರು.