ಎರಡು ಬೆರಳು ಹೆಚ್ಚಿದ ಒಲೆ

ನಾನು ಒಂದು ಒಲೆ. ಎರಡು ಸಲ ಹುಟ್ಟಿದ ಒಲೆ. ಮೊದಲನೆಯ ಸಲ ನಾನು ಬದುಕಿದ್ದು ಮೂರೇ ದಿನ. ಎರಡನೆಯ ಸಲ ಹುಟ್ಟಿ ಮೂವತ್ತೈದು ವರ್ಷವಾಯಿತು, ಇನ್ನೂ ಗಟ್ಟಿಯಾಗಿದ್ದೇನೆ.

ಊರು ಮಧುಗಿರಿ ಕಡೆಯ ಒಂದು ಸಣ್ಣ ಹಳ್ಳಿ. ಮನೆ ಹನುಮಕ್ಕನದು. ಆಗ ಅವಳು ಹೊಸ ಸೊಸೆ, ಯಜಮಾನಿಕೆಯೆಲ್ಲ ಅತ್ತೆ ಈರಮ್ಮನ ಕೈಯಲ್ಲಿತ್ತು. ಅಡುಗೆಮನೆಗೆ ಕಿಟಕಿಯಿರಲಿಲ್ಲ, ಹಿತ್ತಿಲ ಬಾಗಿಲೊಂದೇ. ಮೂರು ಕಲ್ಲಿನ ಒಲೆ ಊದಿ ಊದಿ ಸೊಸೆ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದರೆ, ಅತ್ತೆ ಬೈದಿರಬೇಕು ಎಂದು ಅಕ್ಕಪಕ್ಕದವರು ಅಂದುಕೊಳ್ಳುತ್ತಿದ್ದರು. ಈರಮ್ಮ ಬೈಯುತ್ತಿದ್ದದ್ದು ನಿಜವೇ, ಆದರೆ ಆ ಕಣ್ಣೀರು ಮಾತ್ರ ಹೊಗೆಯದು.

ಅರ್ಧ ಸೌದೆಯಲ್ಲಿ ಅಡುಗೆಯಾಗುವ, ಹೊಗೆಯಿಲ್ಲದ ಒಲೆ ಕಟ್ಟಿಸಿಕೊಂಡರೆ ಸರ್ಕಾರ ಸಹಾಯಧನ ಕೊಡುತ್ತದೆಂದು ಆ ವರ್ಷ ಊರಲ್ಲಿ ಸುದ್ದಿ ಬಂತು. ಹೊಗೆ ಪೈಪು, ಕಬ್ಬಿಣದ ಜಾಲರಿ, ಕಟ್ಟುವವರ ಕೂಲಿ, ಎಲ್ಲವೂ ಸರ್ಕಾರದ್ದೇ. ಒಂದೇ ಷರತ್ತು: ಅಧಿಕಾರಿ ಬಂದು ನೋಡಿ ರುಜು ಹಾಕಬೇಕು, ಇಲ್ಲದಿದ್ದರೆ ಪೈಪು ವಾಪಸ್ಸು. ಹನುಮಕ್ಕ ಗಂಡನ ಬೆನ್ನು ಬಿದ್ದು ಅರ್ಜಿ ಹಾಕಿಸಿದಳು.

ಈರಮ್ಮ ಕಿಡಿಕಿಡಿಯಾದಳು. "ಹೊಗೆ ಆಡ್ದಿದ್ರೆ ತೊಲೆಗೆಲ್ಲ ಗೆದ್ಲು ಹತ್ತಲ್ವೇನೆ? ಇಷ್ಟು ವರ್ಷ ನಾನೇನು ನಿಮ್ಗೆ ಹಸೀ ಹಿಟ್ಟು ಇಕ್ಕಿದ್ನಾ?"

ನನ್ನನ್ನು ಕಟ್ಟಲು ಪಕ್ಕದೂರಿನ ರುದ್ರಮ್ಮ ಬಂದಳು. ಹದಿನೈದು ದಿನ ತರಬೇತಿ ಪಡೆದವಳು. ಕೈಯಲ್ಲಿ ನಕ್ಷೆಯ ಕಾಗದ, ಸೊಂಟದಲ್ಲಿ ಟೇಪು. ಕೆಂಪು ಮಣ್ಣಿಗೆ ಸಗಣಿ, ಹೊಟ್ಟು ಕಲಸಿ, ಕಾಗದದ ಅಳತೆಗೆ ಕೂದಲೆಳೆಯೂ ತಪ್ಪದ ಹಾಗೆ ನನ್ನನ್ನು ನಿಲ್ಲಿಸಿದಳು. ಮೂರನೇ ದಿನ ಬೆಂಕಿ ಹಾಕಿದರು. ಹೊಗೆ ತೆಪ್ಪಗೆ ಪೈಪು ಹಿಡಿದು ಮೇಲೆ ಹೋಯಿತು, ಹನುಮಕ್ಕ ಚಪ್ಪಾಳೆ ತಟ್ಟಿ ನಕ್ಕಳು.

ಆಮೇಲೆ ಈರಮ್ಮ ಮುದ್ದೆ ತೊಳಸಲು ಬಂದಳು. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎನ್ನುತ್ತಾರೆ. ಹಿಟ್ಟು ತೊಳಸುವವಳು ಅದಕ್ಕೂ ಮೊದಲೇ ಒಂದು ಬೆಟ್ಟ ಕಿತ್ತಿರುತ್ತಾಳೆ, ಅದನ್ನು ಯಾರೂ ಹೇಳುವುದಿಲ್ಲ. ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಲ್ಲಿ ಎರಡು ಸುತ್ತು ತಿರುವಿದಳಷ್ಟೇ, ನನ್ನ ಬಾಯಿಯ ಅಂಚು ಪುಡಿಪುಡಿಯಾಯಿತು. ಪಾತ್ರೆ ಮಗುಚಿ ಹಿಟ್ಟೆಲ್ಲ ಬೆಂಕಿಯ ಪಾಲಾಯಿತು. ನಕ್ಷೆ ಬರೆದ ಪುಣ್ಯಾತ್ಮ ಅನ್ನ ಉಣ್ಣುವವನಿರಬೇಕು. ಹೀಗೆ ನನ್ನ ಮೊದಲ ಜನ್ಮ ಮುಗಿಯಿತು.

ರುದ್ರಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಹನುಮಕ್ಕ ಮುದ್ದೆ ಪಾತ್ರೆಯನ್ನು ತೊಳೆದು ತಂದು ಅವಳ ಮುಂದಿಟ್ಟಳು.

"ರುದ್ರಕ್ಕ, ಆ ಕಾಗ್ದ ಅತ್ಲಾಗಿಡು. ಈ ಪಾತ್ರೆ ನೋಡ್ಕಂಡು ಕಟ್ಟು."

"ಅಳತೆ ಮೀರಿದ್ರೆ ಸಾಹೇಬ್ರು ಒಪ್ಪಲ್ಲ ಕಣೆ. ಪೈಪು ಕಿತ್ಕಂಡು ಹೋಯ್ತಾರೆ."

"ಕಟ್ಟಕ್ಕ, ಆಮ್ಯಾಕೆ ನೋಡನ."

ನನ್ನ ಬಾಯಿ ಎರಡು ಬೆರಳು ಅಗಲವಾಯಿತು, ಪಾತ್ರೆ ಹೊಟ್ಟೆಯವರೆಗೂ ಇಳಿದು ಕೂತಿತು. ಅಂಚಿನೊಳಗೆ ಕಲ್ಲು ಸೇರಿತು. ತೊಳಸುವವಳು ಕಾಲು ಊರಲೆಂದು ಪಕ್ಕದಲ್ಲೊಂದು ಮಣ್ಣಿನ ದಿಂಡು ಬಂತು. ನನಗಂತೂ ಹೊಸ ಮೈ ಬಲು ಹಿಡಿಸಿತು.

ಹದಿನೈದು ದಿನ ಸುಖವಾಗಿ ಕಳೆಯಿತು. ಹದಿನಾರನೇ ದಿನ ರುದ್ರಮ್ಮನನ್ನು ಕರೆದುಕೊಂಡು ಅಧಿಕಾರಿ ಶೇಷಗಿರಿಯವರು ಬಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನನಗೆ ನೆನಪಾಯಿತು. ಮನುಷ್ಯ ಕೆಟ್ಟವರೇನಲ್ಲ, ಬಂದವರೇ ಕೂತು ನೀರು ಕೇಳಿ ಕುಡಿದರು. ಆದರೆ ಟೇಪು ಹಿಡಿದ ಮೇಲೆ ಮುಖ ಗಂಟಾಯಿತು.

"ಇದು ನಮ್ಮ ನಕ್ಷೆ ಅಲ್ಲವಲ್ಲ ಕಣಮ್ಮ. ಒಡೆದು ಸರಿಯಾಗಿ ಕಟ್ಟಿ. ಇಲ್ಲದಿದ್ದರೆ ಪೈಪು ವಾಪಸ್ ತಗೊಂಡು ಹೋಗಬೇಕಾಗುತ್ತೆ."

ಹನುಮಕ್ಕ ಪೈಪಿನ ಮೇಲೆ ಕೈಯಿಟ್ಟು ನಿಂತಳು. ನನಗೆ ನಿಜವಾಗಿ ಭಯವಾಯಿತು. ಒಡೆದರೆ ನಾನು ಹೋಗುತ್ತೇನೆ, ಅದಿರಲಿ. ಪೈಪು ಕಿತ್ತರೆ ಅಷ್ಟೂ ಹೊಗೆಯನ್ನು ದಿನಾ ಈ ಹೆಣ್ಣಿನ ಮುಖಕ್ಕೆ ಉಗುಳುವವನು ನಾನೇ ಆಗುತ್ತೇನೆ.

"ಅಳತೆ ಬದಲಾಯಿಸಿದ್ದು ಯಾರು?" ಅಧಿಕಾರಿ ಕೇಳಿದರು. ರುದ್ರಮ್ಮ ತಲೆ ತಗ್ಗಿಸಿದಳು. ಹನುಮಕ್ಕ ಬಾಯಿ ತೆರೆಯುವಷ್ಟರಲ್ಲಿ ಹೊಸ್ತಿಲಿನಿಂದ ದನಿ ಬಂತು.

"ನಾನೇ ಸ್ವಾಮಿ."

ಈರಮ್ಮ! ಹಸಿ ಸುಳ್ಳು. ಬಿರುಕು ಬಿಡುವಷ್ಟು ಆಶ್ಚರ್ಯವಾಯಿತು ನನಗೆ. ಅವಳು ಗೋಡೆ ತಡವಿಕೊಂಡು ಒಳಗೆ ಬಂದಳು. ಹಾಗೆ ತಡವಿಕೊಂಡು ಓಡಾಡುವುದನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ.

"ನಲವತ್ತು ವರ್ಷ ಊದಿದೀನಿ. ಈಗ ನಿಮ್ಮ ಮಕವೇ ನಂಗೆ ಮಂಜು ಮಂಜಾಗೈತೆ. ನನ್ನ ಕಣ್ಣ ಒಲೆ ತಿಂತು, ಹೋಗ್ಲಿ. ಇವಳ ಕಣ್ಣಾದ್ರೂ ಉಳೀಲಿ ಬಿಡಿ ಸ್ವಾಮಿ."

ಹನುಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಅತ್ಕಂಡು ನಿಂತ್ಕಬ್ಯಾಡ, ಎಸರಿಕ್ಕು," ಎಂದು ಈರಮ್ಮ ಗದರಿದಳು. "ಸಾಹೇಬ್ರು ಕಣ್ಣಾರೆ ನೋಡ್ಲಿ."

ಎಸರು ಕುದಿಯಿತು, ಹಿಟ್ಟು ಬಿತ್ತು. ಈರಮ್ಮ ದಿಂಡಿಗೆ ಕಾಲು ಊರಿ ಮೈಯ ಬಲವನ್ನೆಲ್ಲ ಹಾಕಿ ತಿರುವಿದಳು. ನಾನು ಉಸಿರು ಬಿಗಿಹಿಡಿದು ನಿಂತೆ. ಒಂದು ಹರಳು ಮಣ್ಣೂ ಉದುರಲಿಲ್ಲ, ಒಂದೆಳೆ ಹೊಗೆಯೂ ಒಳಗೆ ತಿರುಗಲಿಲ್ಲ. ಶೇಷಗಿರಿಯವರು ಉಳಿದ ಸೌದೆಯನ್ನು ಕೈಯಲ್ಲಿ ತೂಗಿ ನೋಡಿದರು. ಅದೇ ಮುದ್ದೆ ಉಂಡರು. ಕೈತೊಳೆದು ಬಂದು, ಅರ್ಜಿಯ ಹಿಂಬದಿಯಲ್ಲಿ ನನ್ನ ಚಿತ್ರವನ್ನು ದಿಂಡಿನ ಸಮೇತ ಬರೆದು, ಅಳತೆ ಗುರುತು ಹಾಕಿ, 'ಮುದ್ದೆ ಮಾಡುವ ಮನೆಗಳಿಗೆ ಹೀಗೆ' ಎಂದು ಬರೆದು ರುಜು ಮಾಡಿದರು. ಆ ಬೇಸಿಗೆಯಲ್ಲಿ ರುದ್ರಮ್ಮ ಊರಲ್ಲಿ ನನ್ನಂಥವೇ ಹದಿನೇಳು ಒಲೆ ಕಟ್ಟಿದಳು.

ಈರಮ್ಮ ಮಾತ್ರ ಸಾಯುವವರೆಗೂ ನನ್ನನ್ನು ಹೊಗಳಲಿಲ್ಲ. "ಸಾರಿಗೆ ಹೊಗೆ ವಾಸ್ನೆನೇ ಇಲ್ಲ," ಎಂದು ದಿನಾ ಗೊಣಗುತ್ತಲೇ ಎರಡು ಮುದ್ದೆ ಉಣ್ಣುತ್ತಿದ್ದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹನುಮಕ್ಕನಿಗೂ ಸೊಸೆ ಬಂದಳು. ಅವಳ ಹಿಂದೆಯೇ ಇನ್ನೊಂದು ಸರ್ಕಾರಿ ಯೋಜನೆಯಲ್ಲಿ ಗ್ಯಾಸು ಬಂತು. ಕಾಫಿ, ಹಾಲು, ಸಾರು ಅತ್ತ ಹೋದವು. ಹೋಗಲಿ, ಬೆಂಕಿ ಕಾರುವ ಕೆಲಸ ಒಬ್ಬನಿಗೇ ಏಕೆ? ಮುದ್ದೆ ಇಂದಿಗೂ ನನ್ನದೇ. ಹಬ್ಬಕ್ಕೊಮ್ಮೆ ಕೆಮ್ಮಣ್ಣು ಬಳಿದು ಬಿರುಕು ಮುಚ್ಚುತ್ತಾರೆ. ಮಣ್ಣಿನ ಬಾಳಿಗೆ ಇಷ್ಟು ಮರ್ಯಾದೆ ಧಾರಾಳವಾಯಿತು.

ನಿನ್ನೆ ಸಂಜೆ ಹನುಮಕ್ಕ ನನ್ನ ಪಕ್ಕದಲ್ಲಿ, ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ದೂರದ ಕೆರೆ ಏರಿಯ ಮೇಲೆ ಯಾರೋ ನಿಧಾನವಾಗಿ ಬರುತ್ತಿದ್ದರು.

"ಯಾರತ್ತೆ ಅದು? ಗೊತ್ತೇ ಆಗ್ತಿಲ್ಲ," ಎಂದಳು ಸೊಸೆ.

ಹನುಮಕ್ಕ ಹಣೆಗೆ ಕೈ ಅಡ್ಡ ಹಿಡಿಯಲೂ ಇಲ್ಲ. "ರುದ್ರಕ್ಕ ಕಣೆ. ಎಡಗಾಲು ಎಳೀತಾವ್ಳೆ, ಕಾಣಲ್ವಾ? ಎಸರಿಗೆ ಇನ್ನೊಂದು ಚೊಂಬು ನೀರು ಹಾಕು."